ನಲವತ್ತಮೂರನೆಯ ಬದಲಾವಣೆ

ಆ ತಪ್ಪಿಗೆ ನಾನು ತೆತ್ತದ್ದು ಒಬ್ಬ ಒಳ್ಳೆಯ ಪ್ರೋಗ್ರಾಮರನ್ನು. ತಪ್ಪು ಯಾರದೆಂದು ಹುಡುಕುವ ಮೊದಲೇ ಬಾಯಿ ಬಿಟ್ಟೆ, ಅದಕ್ಕೆ.

ಎರಡು ಸಾವಿರದ ಇಸವಿಯ ಈಚಿನ ಮಾತು. ಹಾಸನದ ಒಂದು ಕೋಲ್ಡ್ ಸ್ಟೋರೇಜಿಗೆ ನಾನು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಯಾವ ರೈತನ ಬಿತ್ತನೆ ಆಲೂಗಡ್ಡೆ ಯಾವ ಕೋಣೆಯಲ್ಲಿದೆ ಎಂದು ಚೀಟಿ ಕೊಡುವುದು ಅದರ ಕೆಲಸ. ಮೂಟೆ ತುಂಬುವಾಗ ಎಲ್ಲ ಸರಿಯಿತ್ತು. ಬಿತ್ತನೆಗೆಂದು ಮೂಟೆ ಬಿಡಲು ಶುರುಮಾಡಿದ ಬೆಳಿಗ್ಗೆಯೇ ದುದ್ದದ ರೈತರೊಬ್ಬರು ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಮೂರ್ನೇ ಕೋಣೆ ಅಂತ ಬರ್ದೈತೆ. ಅಲ್ಲಿರೋದು ಇನ್ಯಾರ್ದೋ ಮೂಟೆ ಕಣಣ್ಣ. ನಿನ್ ಡಬ್ಬಕ್ಕೆ ಕಣ್ ಕಾಣಾಕಿಲ್ವಾ?"

ಅವರ ಹಿಂದೆ ಟ್ರ್ಯಾಕ್ಟರುಗಳ ಸಾಲು. ಮಾಲೀಕರು ಗೇಟು ಹಾಕಿಸಿ ಬಂದು, "ಯಾರ್ ಮಾಡಿದ್ದಯ್ಯಾ ಇದ್ನ?" ಎಂದರು. ಗಿರಾಕಿ ಕೈತಪ್ಪುವ ಭಯಕ್ಕೆ, ಪಕ್ಕದಲ್ಲಿದ್ದ ನನ್ನ ಪ್ರೋಗ್ರಾಮರ್, ಚನ್ನರಾಯಪಟ್ಟಣದ ಹುಡುಗಿಯನ್ನು ತೋರಿಸಿದೆ.

"ಹೊಸಬಳು ಸಾರ್. ಇವತ್ತೇ ಕೆಲ್ಸದಿಂದ ಬಿಡಿಸ್ತೀನಿ."

ಆಕೆ ನನ್ನ ಮುಖ ನೋಡಿದಳು. "ಮೊದ್ಲು ಹುಡುಕೋಣ ಸರ್," ಎಂದಳು.

ಕೋಡಿನ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರು, ದಿನದ ಸಮೇತ ಕಾಪಿಡುವ ವ್ಯವಸ್ಥೆಯನ್ನು ಹಟ ಹಿಡಿದು ಹಾಕಿಸಿದ್ದವಳು ಆಕೆಯೇ. ಮೂಟೆ ತುಂಬಿದ ದಿನದಿಂದ ಈಚೆಗೆ ಅರವತ್ತನಾಲ್ಕು ಬದಲಾವಣೆ. ಆಕೆ ಕೋಡನ್ನು ನಡುವಿನ ಮೂವತ್ತೆರಡನೆಯ ಬದಲಾವಣೆಯ ಹೊತ್ತಿಗೆ ಇದ್ದ ಹಾಗೆ ಹಿಂದಕ್ಕೆ ಒಯ್ದು ಅದೇ ರೈತರ ಚೀಟಿ ಮುದ್ರಿಸಿದಳು. ಸರಿ ಬಂತು. ಅಂದರೆ ತಪ್ಪು ಆಮೇಲೆ ಹೊಕ್ಕಿದೆ. ನಲವತ್ತೆಂಟು, ತಪ್ಪು. ನಲವತ್ತು, ಸರಿ. ಒಂದೊಂದಕ್ಕೂ ಹತ್ತು ನಿಮಿಷ. ಹೊರಗೆ ಹಾರ್ನಿನ ಮೇಲೆ ಹಾರ್ನು.

"ಏನವ್ವಾ, ಕಣಿ ಏಳ್ತಿದ್ದೀಯಾ?" ಎಂದು ಕಿಟಕಿಯಿಂದ ಯಾರೋ ಕೂಗಿದರು.

ನಲವತ್ತನಾಲ್ಕು, ತಪ್ಪು. ನಲವತ್ತೆರಡು, ಸರಿ. ನಲವತ್ತಮೂರರ ಚೀಟಿಯಲ್ಲಿ ಮತ್ತೆ ಮೂರನೇ ಕೋಣೆ!

ಅದರ ಮುಂದೆ ಇದ್ದದ್ದು ನನ್ನ ಹೆಸರು. ಪಟ್ಟಿ ಊರುವಾರು ಬರಲಿ ಎಂದು ಮಾಲೀಕರು ಕೇಳಿದ್ದಕ್ಕೆ, ಅವರನ್ನು ಒಲಿಸಿಕೊಳ್ಳಲು, ನಿಂತ ಕಾಲಲ್ಲೇ ಪುಕ್ಕಟೆ ಮಾಡಿಕೊಟ್ಟಿದ್ದೆ. ರೈತರ ಹೆಸರುಗಳು ಮೇಲೆ ಕೆಳಗೆ ಆದವು, ಕೋಣೆ ನಂಬರುಗಳು ಇದ್ದಲ್ಲೇ ಉಳಿದವು. ಟಿಪ್ಪಣಿಯಲ್ಲಿ 'ಸಣ್ಣ ಕೆಲಸ' ಎಂದಷ್ಟೇ ಬರೆದಿದ್ದೆ.

ತಿದ್ದಿದೆವು, ಗೇಟು ತೆರೆಯಿತು. "ತಪ್ಪು ನಂದೇ ಸಾರ್," ಎಂದೆ. ಮಾಲೀಕರು ನಕ್ಕರು: "ಹಂಗಾದ್ರೆ ನಿನ್ನೇ ಬಿಡಿಸ್ಬೇಕಲ್ಲಯ್ಯಾ!"

ಹುಡುಗಿ ನಗಲಿಲ್ಲ. ಸಂಬಳ ಏರಿಸುತ್ತೇನೆ ಎಂದೆ, ಚೌಕಾಸಿಗಿಳಿದೆ. "ಒಂದು ಗಂಟೆ ಕಾಯೋಕಾಗ್ಲಿಲ್ಲ ನಿಮ್ಗೆ," ಎಂದಳು. ತಿಂಗಳು ಮುಗಿಸಿ ಹೋದಳು.

ಈ ಕಸುಬಿನಲ್ಲಿರುವವರು ಕೇಳಿ. ಗಿರಾಕಿಯ ಎದುರು ನಿಂತುಕೊಂಡು ಕೋಡು ತಿದ್ದಬೇಡಿ. ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಆಗಲೇ ಬರೆದಿಡಿ. ಕೆಟ್ಟರೆ, ಸರಿಯಿದ್ದ ದಿನ ಹಿಡಿದು ಅರ್ಧರ್ಧ ಮಾಡುತ್ತಾ ಬನ್ನಿ. ಯಾರು ಮಾಡಿದ್ದು ಎಂದು ಗಿರಾಕಿ ಕೇಳಿದರೆ, "ಒಂದು ಗಂಟೆ ಕೊಡಿ, ಹೇಳುತ್ತೇನೆ" ಎನ್ನಿ.