ತಾನೇ ಬಾರಿಸಿಕೊಳ್ಳುವ ಪೆಟ್ಟಿಗೆ

ಥರ್ಮಾಕೋಲಿನ ಚೂರಿನಷ್ಟು ಹಠಮಾರಿ ವಸ್ತು ಇನ್ನೊಂದಿಲ್ಲ. ಗುಡಿಸಿದರೆ ಪೊರಕೆಗೆ ಅಂಟುತ್ತದೆ, ಕೊಡವಿದರೆ ಸೀರೆಗೆ ಅಂಟುತ್ತದೆ. ರಾಮನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಉದ್ದನೆಯ ರಟ್ಟಿನ ಡಬ್ಬವೊಂದು ವಾರದಿಂದ ಮಲಗಿದೆ. ಹಾಗಾಗಿ ನಾನೂ ನಮ್ಮನೆಯವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ಡಬ್ಬ ಈಗ ಖಾಲಿ. ಅದರೊಳಗಿದ್ದ ಕೀಬೋರ್ಡು ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ, ಸ್ವಲ್ಪ ತಾಳಿ. ಬಾರಿಸಿ ನೋಡಿ ಅಂತ ಕೊಟ್ಟು ಕಳಿಸಿದ ಅಂಗಡಿಯ ಮಂಜುವಿಗೆ, ಕೊಳ್ಳುತ್ತೇನೋ ವಾಪಸ್ಸು ಮಾಡುತ್ತೇನೋ ಅಂತ ಇವತ್ತು ಸಂಜೆಯೊಳಗೆ ಹೇಳಬೇಕು.

ಅರೇಂಜರ್ ಕೀಬೋರ್ಡ್ ಅಂದರೆ ಏನೆಂದು ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಎಡಗೈಯಲ್ಲಿ ಮೂರು ಮನೆ, ಅಂದರೆ ಮೂರು ಕೀ, ಒತ್ತಿ ಹಿಡಿದರೆ ಸಾಕು. ಡ್ರಮ್ಮು, ಗಿಟಾರು, ತಬಲಾ, ಪಿಟೀಲು ಎಲ್ಲವೂ ಒಳಗಿಂದ ಎದ್ದು ತಾವೇ ಬಾರಿಸತೊಡಗುತ್ತವೆ. ಶುರುಮಾಡಲು ಒಂದು ಗುಂಡಿ, ಮುಗಿಸಲು ಇನ್ನೊಂದು. ನಾನೋ ಹತ್ತನೇ ವಯಸ್ಸಿನಿಂದ ಪಿಯಾನೋ ಕಲಿತವಳು. ಪ್ರತಿ ಶನಿವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಬೆರಳು ಸರಿಯಾಗಿ ಬಾಗದಿದ್ದರೆ ಸ್ಕೇಲಿನಿಂದ ಗೆಣ್ಣಿಗೆ ಬಾರಿಸುತ್ತಿದ್ದ ಮಿಸ್ಸಿನ ಹತ್ತಿರ ಪಾಠ ಹೇಳಿಸಿಕೊಂಡು, ಎಲ್ಲ ಗ್ರೇಡಿನ ಪರೀಕ್ಷೆಯೂ ಪಾಸು ಮಾಡಿದವಳು. ಅಂಥವಳಿಗೆ ಮೂರು ಮನೆ ಒತ್ತಿಕೊಂಡು ಸುಮ್ಮನೆ ಕೂರಮ್ಮ ಅಂದರೆ ಹೇಗಾಗಬೇಡ, ನೀವೇ ಹೇಳಿ.

ಮೊದಲೇ ಜನ ನನ್ನ ತಲೆ ತಿಂದಿದ್ದಾರೆ. ಹಜಾರದಲ್ಲಿರುವ ಪಿಯಾನೋ, ರೇಷ್ಮೆ ನೂಲು ತೆಗೆಯುವ ಫಿಲೇಚರ್ ನಡೆಸುತ್ತಿದ್ದ ಅಪ್ಪ ಕೊಡಿಸಿದ್ದು. ಅದನ್ನು ಶ್ರುತಿ ಮಾಡುವವನು ಬೆಂಗಳೂರಿನಿಂದ ಬರಬೇಕು. ಅವನ ಕ್ಯಾಲೆಂಡರಿನಲ್ಲಿ 'ಮುಂದಿನ ವಾರ' ಬಿಟ್ಟರೆ ಬೇರೆ ವಾರವೇ ಇಲ್ಲ. ಮಕ್ಕಳನ್ನು ಪಾಠಕ್ಕೆ ಸೇರಿಸಲು ಬರುವ ತಂದೆತಾಯಂದಿರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೇಡಂ, ಇದ್ರಲ್ಲಿ ಡ್ರಮ್ಸ್ ಬರಾಕಿಲ್ವಾ?" ಅನ್ನುತ್ತಾರೆ. ಇಲ್ಲ ಅಂದರೆ, "ಓ, ಹಳೇ ಮಾಡಲ್ಲು" ಅಂತ ಕನಿಕರ ತೋರಿಸುತ್ತಾರೆ. ಇನ್ನು ನಮ್ಮನೆಯವರ ವಿಷಯ ಕೇಳಲೇಬೇಡಿ. ಕೀಬೋರ್ಡು ಮನೆಯಲ್ಲಿದ್ದ ಮೂರು ದಿನವೂ ಹೋಗ್ತಾ ಬರ್ತಾ ಅದರ ಡೆಮೋ ಗುಂಡಿ ಒತ್ತಿ, ಖಾರಾಬೂಂದಿ ಮೆಲ್ಲುತ್ತಾ, "ನೋಡು, ಎಷ್ಟು ಚೆನ್ನಾಗಿ ಬಾರಿಸುತ್ತೆ, ನೋಟ್ಸೂ ಬೇಡ ಏನೂ ಬೇಡ" ಅಂದರು. ಮೂವತ್ತು ವರ್ಷದಲ್ಲಿ ನನ್ನ ಪಿಯಾನೋ ಕೇಳಿ ಒಂದು ದಿನವೂ ಹೀಗೆ ಅಂದವರಲ್ಲ.

ಹಾಗಿದ್ದರೆ ತಂದದ್ದೇಕೆ ಅಂತೀರಿ. ಇಲ್ಲೇ ಹತ್ತಿರ ಕೈಲಾಂಚದ ಕಡೆ ನನ್ನ ಸೋದರಮಾವ ಇದ್ದಾರೆ. ಹಿಪ್ಪುನೇರಳೆ, ರಾಗಿ, ನಾಲ್ಕು ಹಸು, ಇವುಗಳ ಜೊತೆಗೆ ಸುತ್ತಲಿನ ಊರಿನವರಿಗೆಲ್ಲ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೆಟ್ಟಿಗೆ ಅವರದು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಎಡಗಾಲು ಎರಡೂ ಬಿದ್ದುಹೋದವು. ಪೆಟ್ಟಿಗೆಗೆ ಗೋಣಿಚೀಲ ಹೊದಿಸಿಟ್ಟರು. ಈ ವರ್ಷ ನಾಟಕದ ತಂಡದವರು ನನ್ನ ಬೆನ್ನು ಬಿದ್ದರು. "ನೀವು ಅಷ್ಟೊಂದ್ ಓದ್ಕಂಡಿದೀರಿ. ಒಂದು ಕೀಬೋರ್ಡ್ ತಕ್ಕಂಡ್ ಬಂದ್ಬುಡಿ. ತಬಲಾನೂ ಅದ್ರಲ್ಲೇ ಐತಲ್ಲ."

ಅಲ್ಲಿಗೂ ನಾನು ಆಗಲ್ಲ ಅಂದುಬಿಡುತ್ತಿದ್ದೆ. ಬೀರಣ್ಣ ಸುಮ್ಮನೆ ಬಿಡಬೇಕಲ್ಲ! ಕುರಿ ಸಾಕುವ ಬೀರಣ್ಣ ಹದಿನೆಂಟು ವರ್ಷ ಈಟಿ ಹಿಡಿದು ಬಾಗಿಲು ಕಾಯುವ ಪಾತ್ರ ಮಾಡಿದವನು. ಎಲ್ಲರ ಹಾಡೂ ಅವನಿಗೆ ಬಾಯಿಪಾಠ. ಹಳೆಯ ರಾಜರಿಗೆ ಮುಂದಿನ ಹಲ್ಲು ಹೋಗಿ ಮಾತೆಲ್ಲ ಗಾಳಿಯಾದ್ದರಿಂದ ಈ ಸಲ ಇವನಿಗೆ ರಾಜನ ಪಾತ್ರ ಒಲಿದಿತ್ತು. ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಒಳ್ಳೇ ಬಾರ್ಸೋರು ಇಲ್ದಿದ್ರೆ ನಾನು ಎಲ್ಲಿ ಎತ್ತಬೇಕೋ ಎಲ್ಲಿ ಇಳೀಬೇಕೋ ತಿಳಿಯಾಕಿಲ್ಲ. ಈ ಸಲ ನಗೆಪಾಟ್ಲಾದ್ರೆ ಇನ್ನ ಜಲ್ಮದಲ್ಲಿ ಸ್ಟೇಜ್ ಹತ್ತಾಕಿಲ್ಲ" ಅಂದ. ಇಂಥವನಿಗೆ ಇಲ್ಲ ಅನ್ನುವುದು ಹೇಗೆ?

ಮಾವನ ಪೆಟ್ಟಿಗೆಯ ಮುಂದೆ ನಾನು ಕೂತದ್ದು ಚಿಕ್ಕಂದಿನಲ್ಲಿ. ಶನಿವಾರ ಮಿಸ್ಸಿನ ಮನೆ, ಭಾನುವಾರ ಮಾವನ ಊರು. ಮಿಸ್ಸಿನ ಮನೆಯಲ್ಲಿ ತಾಳದ ಯಂತ್ರ ಟಕ್ ಟಕ್ ಅನ್ನುತ್ತಿತ್ತು, ಅದಕ್ಕಿಂತ ಕೂದಲೆಳೆ ಹಿಂದುಳಿದರೂ ಸ್ಕೇಲು ಬೀಳುತ್ತಿತ್ತು. ಮಾವನ ತಾಲೀಮಿನಲ್ಲಿ ಒಬ್ಬೊಬ್ಬ ಒಂದೊಂದು ಶ್ರುತಿಯಲ್ಲಿ ಎತ್ತುತ್ತಿದ್ದ, ನಡುವೆ ಸಾಲು ಮರೆತು ಬೀಡಿ ಹಚ್ಚಿದವನೂ ಉಂಟು. ಹದಿನಾಲ್ಕು ವರ್ಷದ ಜಾಣೆ ನಾನು, ಒಂದು ದಿನ ಇಡೀ ತಂಡದ ಎದುರು, "ಮಾವ, ನೀವು ಶ್ರುತಿ ತಪ್ಪಿದ್ರಿ. ತಾಳಾನೂ ಬಿಟ್ರಿ" ಅಂದುಬಿಟ್ಟೆ. ಮಾವ ನಕ್ಕರು. "ತಪ್ಪುದ್ದು ಅವ್ನು ಕಣವ್ವಾ. ನಾನು ಅವ್ನ ಜೊತೇಲಿ ಹೋದೆ ಅಷ್ಟೇಯ." ಆ ಮಾತನ್ನು ನಾನು ಮಾರನೆಯ ಶನಿವಾರ ಮಿಸ್ಸಿಗೆ ಜೋಕಿನ ಹಾಗೆ ಹೇಳಿದೆ. ಅವರೂ ನಕ್ಕರು.

ಕಳೆದ ಭಾನುವಾರ ಮಧ್ಯಾಹ್ನ ಕೀಬೋರ್ಡನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಮಾವನ ರೇಷ್ಮೆಹುಳು ಸಾಕುವ ಮನೆಯಲ್ಲಿ ತಾಲೀಮು. ಗೂಡು ಮಾರಿ ಇನ್ನೂ ಹೊಸ ಮೊಟ್ಟೆ ತಂದಿರಲಿಲ್ಲವಾದ್ದರಿಂದ ತಟ್ಟೆಗಳೆಲ್ಲ ಗೋಡೆಗೊರಗಿದ್ದವು. ಮಾವ ಮೂಲೆಯಲ್ಲಿ ಮಂಚದ ಮೇಲೆ. ಅವರ ಪೆಟ್ಟಿಗೆಯ ಜಾಗದಲ್ಲಿ ಈ ಮಿಣಮಿಣ ದೀಪದ ಯಂತ್ರ ಇಡುವಾಗ ನನಗೆ ಅವರ ಮುಖ ನೋಡಲೂ ಮನಸ್ಸಾಗಲಿಲ್ಲ.

ಮಗ ಸತ್ತ ಸುದ್ದಿ ಕೇಳಿದ ರಾಜನ ದೃಶ್ಯ. ಮಗನ ಬದಲು ಒಂದು ದಿಂಬು. ಬೀರಣ್ಣ ಮೊಣಕಾಲೂರಿ ಕಂದಪದ್ಯ ಎತ್ತಿದ. ಕಂದ ಅಂದರೆ ತಾಳವಿಲ್ಲದೆ, ಹಾಡುವವನಿಗೆ ಉಸಿರಿದ್ದಷ್ಟು ಎಳೆದು ಹೇಳುವ ಪದ್ಯ. ಇದು ನನಗೆ ಚೆನ್ನಾಗಿ ಗೊತ್ತು, ಹುಟ್ಟಿದಾರಭ್ಯ ಕೇಳಿದ್ದೇನೆ. ಆದರೂ ನಿಧಾನದ ತಾಳ ಒಂದನ್ನು ಆರಿಸಿ ಶುರುವಿನ ಗುಂಡಿ ಒತ್ತಿದೆ. ತಾಳವಿಲ್ಲದೆ ಕೂರುವುದು ಈ ಜನ್ಮಕ್ಕೆ ನನಗೆ ಬಂದಿಲ್ಲ. ಬೀರಣ್ಣ ಉಸಿರೆಳೆದುಕೊಳ್ಳಲು ನಿಂತ, ಡ್ರಮ್ಮು ನಿಲ್ಲಲಿಲ್ಲ. ಹಿಂದೆ ಬಿದ್ದೆನೆಂದು ಅವಸರಪಟ್ಟ, ಸಾಲು ಮರೆತ, ನನ್ನ ಕಡೆ ನೋಡಿದ. ನಾನು ಗಾಬರಿಯಲ್ಲಿ ಸಿಕ್ಕಿದ ಗುಂಡಿ ಒತ್ತಿದೆ. ಅದು ಮುಗಿಸುವ ಗುಂಡಿ! ಡ್ರಮ್ಮು ಗಡಗಡ ಉರುಳಿ, ಪಿಟೀಲೆಲ್ಲ ಒಟ್ಟಿಗೆ ಕಿರುಚಿ, ಝಣ್ ಅಂತ ತಾಳ ಬಡಿದು ಹಾಡು ಭರ್ಜರಿಯಾಗಿ ಮುಗಿದುಹೋಯಿತು. ರಾಜ ಇನ್ನೂ ದಿಂಬು ತಬ್ಬಿಕೊಂಡೇ ಇದ್ದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳೇಕೆ, ನನಗೂ ನಗು ಬಂತು. ಬೀರಣ್ಣ ದಿಂಬು ಕೆಳಗಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು, "ನಂಗೆ ಬಾಗ್ಲು ಕಾಯೋದೇ ಸರಿ ಬುಡಿ" ಅಂತ ಹೊರಗೆ ಹೋದ.

ನಾನು ಯಂತ್ರಕ್ಕೆ ಬೈಯತೊಡಗಿದೆ. ದರಿದ್ರದ್ದು, ಎದುರಿಗೆ ಮನುಷ್ಯ ಹಾಡುತ್ತಿದ್ದಾನೆ ಅನ್ನುವ ಪರಿವೆಯೇ ಇಲ್ಲ ಅಂದೆ. ಮಂಚದಿಂದ ಮಾವ ಅಂದರು: "ಅದ್ರ ಮ್ಯಾಲ್ ಯಾಕವ್ವಾ ಸಿಟ್ಟು? ಅದ್ಕೆ ಕಿವಿ ಇಲ್ಲ. ನಿಂಗೆ ಐತಲ್ಲ."

ನಲವತ್ತು ವರ್ಷ ಬಾರಿಸಿದ್ದೇನೆ, ನಲವತ್ತು ವರ್ಷವೂ ಒಬ್ಬಳೇ ಬಾರಿಸಿದ್ದೇನೆ. ಇನ್ನೊಬ್ಬರ ಉಸಿರಿಗೆ ಕಾದು ಕೂರುವ ಪಾಠ ಯಾವ ಗ್ರೇಡಿನಲ್ಲೂ ಇರಲಿಲ್ಲ. ಅದಿದ್ದ ಒಂದೇ ಜಾಗ ಮಾವನ ತಾಲೀಮು, ಅಲ್ಲಿ ನಾನು ಕಲಿಯಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ಮಾವ ಕತ್ತು ಚಾಚಿ ಕೀಬೋರ್ಡನ್ನೇ ನೋಡುತ್ತಿದ್ದರು. "ಇದ್ಕೆ ಗಾಳಿ ತುಂಬ್ಬೇಕಾ?"

"ಬೇಡ ಮಾವ, ಕರೆಂಟು."

"ಕಾಲು ಬ್ಯಾಡ್ವಾ?"

"ಬೇಡ."

"ಎಡಗೈ?"

"ತಾಳ ಬೇಡ ಅಂದ್ರೆ ಅದೂ ಬೇಡ ಮಾವ."

"ಅಂಗಿದ್ಮೇಲೆ ಎರಡು ವರ್ಸದಿಂದ ಎಲ್ಲವ್ವಾ ಮಡಿಕಂಡಿದ್ದೆ? ಇತ್ಲಾಗ್ ತತ್ತಾ. ಆ ಡುಂಗು ಡುಂಗು ಬರ್ದಂಗ್ ಮಾಡು."

ಮಾವ ನೊಂದುಕೊಳ್ಳುತ್ತಾರೆ ಅಂತ ತಿಂಗಳಿಂದ ಕೊರಗುತ್ತಿದ್ದವಳು ನಾನು! ಅವರನ್ನು ಒಂದು ಮಾತು ಕೇಳಬೇಕು ಅಂತ ಈ ಎಲ್ಲ ಗ್ರೇಡು ಪಾಸಾದ ತಲೆಗೆ ಹೊಳೆದಿರಲಿಲ್ಲ. ಎರಡು ದಿಂಬು ಕೊಟ್ಟು ಅವರನ್ನು ಕೂರಿಸಿ, ಕೀಬೋರ್ಡನ್ನು ಮಂಚಕ್ಕೆ ಅಡ್ಡಲಾಗಿ ಇಟ್ಟೆವು. ತಾಳ ಬಾರದಂತೆ ಮಾಡಿ ಹಾರ್ಮೋನಿಯಂ ಸ್ವರ ಹಾಕಿಕೊಟ್ಟೆ. ಮಾವ ಬಲಗೈಯ ಒಂದೇ ಬೆರಳನ್ನು ಒಂದು ಮನೆಯ ಮೇಲಿಟ್ಟು ಸುಮ್ಮನೆ ಕೂತರು. ಬೀರಣ್ಣನನ್ನು ಕೂಗಲಿಲ್ಲ. ಸ್ವರ ಒಂದೇ ಸಮನೆ ಹರಿಯುತ್ತಿತ್ತು, ನಾನಂತೂ ಚಡಪಡಿಸುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಹೊರಗೆ ಅವನ ಕುರಿದೊಡ್ಡಿಯ ಕಡೆಯಿಂದ ಅದೇ ಕಂದ ಕೇಳಿಸಿತು, ಬೇರೆಯೇ ಶ್ರುತಿಯಲ್ಲಿ. ಮಾವನ ಬೆರಳು ಮೆಲ್ಲಗೆ ಎರಡು ಮನೆ ಸರಿದು ಅವನ ಪಕ್ಕಕ್ಕೆ ಹೋಯಿತು. ಬೀರಣ್ಣ ಸಾಲು ಮರೆತಲ್ಲಿ ಸ್ವರ ಅಲ್ಲೇ ನಿಂತು ಕಾಯಿತು. ಅವನು ಹಾಡುತ್ತಲೇ ಒಳಗೆ ಬಂದ, ದಿಂಬನ್ನು ತಬ್ಬಿಕೊಂಡ, ಯಾರೂ ನಗಲಿಲ್ಲ. ಮುಗಿದ ಮೇಲೆ ಮಾವ, "ತಬಲಾದವ್ರಿಗೆ ಫೋನ್ ಮಾಡ್ರಲಾ" ಅಂದರು.

ಕೀಬೋರ್ಡನ್ನು ಅಲ್ಲಿಯೇ ಬಿಟ್ಟು ಬಂದೆ.

ಇದನ್ನು ಬರೆಯುತ್ತಿರುವಾಗಲೇ ಮಂಜುವಿನ ಫೋನು ಬಂತು. "ಏನ್ ಮಾಡುದ್ರಿ ಮೇಡಂ? ಮಡಿಕತೀರಾ, ವಾಪಸ್ಸಾ?"

"ಇಟ್ಕೊಳ್ತೀನಪ್ಪಾ."

"ವಾರಂಟಿ ಕಾರ್ಡು ನಿಮ್ಮ ಹೆಸ್ರಿಗೇ ಬರೀಲಾ?"

ಮಾವನ ಹೆಸರು ಹೇಳಿದೆ. ಮಂಜುವಿಗೆ ಅವರ ಪರಿಚಯ ಉಂಟು. "ಅಯ್ಯೋ, ಈ ವಯಸ್ಸಲ್ಲಿ ನಿಮ್ಮತ್ರ ಕಲೀತಾವ್ರಾ?" ಅಂತ ನಕ್ಕ.

"ಇಲ್ಲ ಮಂಜು. ಅವರು ಬಾರಿಸ್ತಾರೆ. ಬರೋ ಭಾನುವಾರದಿಂದ ಕಲಿಯೋಕೆ ಹೋಗ್ತಿರೋಳು ನಾನು."