ಕಾಂತಾಬಾಯಿ ವೈನಿಯ ಖಾಲಿ ದುಂಡು

ಕಾಂತಾಬಾಯಿ ವೈನಿಗೆ, ಅಂದರೆ ನಮ್ಮಣ್ಣನ ಹೆಂಡತಿಗೆ, ತಾಯಿಯಿಂದ ಉಳಿದದ್ದು ಜೋಗುಳದ ಒಂದೇ ಸಾಲು: "ಕಂದನ ಕಣ್ಣಾಗ ಕುಸುಬಿಯ ಹೂ ಬಿತ್ತ." ಹುಮನಾಬಾದಿನಲ್ಲಿ ಹುಟ್ಟಿದ ಅವರಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಅವಳು ಮನೆಯವರ ಮಾತು ಮೀರಿ ಲಗ್ನವಾದವಳು. ಅವಳ ಊರು ಯಾವುದೆಂದು ಕೇಳಿದರೆ ತಂದೆ ಬೀಡಿ ಹಚ್ಚಿ ಹೊರಗೆ ಹೋಗುತ್ತಿದ್ದರು. ಹೇಳದೆಯೇ ತೀರಿಕೊಂಡರು.

ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದ ವೈನಿ ಖಾನಾವಳಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಬಡಿಯುತ್ತ ಆ ಸಾಲನ್ನೇ ಗುನುಗುವರು. ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದಾಗ ಇವರೊಬ್ಬರೇ ಬಾಗಿಲಲ್ಲಿ ರಂಗೋಲಿ ಹಾಕುತ್ತ ಕೂತಿರುತ್ತಿದ್ದರು. "ತಾಯಿ ಊರ ಗಾಳಿಯಾದ್ರೂ ಒಮ್ಮೆ ಮೈಗೆ ತಾಗಲಿ, ದೇವಿದಾಸ" ಎಂದು ನನ್ನೆದುರು ಹೇಳುವರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲ.

2009ರಲ್ಲಿ ನನ್ನ ಮಗಳು ವಿಶಾಖಾ ಕಾಲೇಜಿನ ಕಂಪ್ಯೂಟರಿನಲ್ಲಿ ಹಳ್ಳಿ ಹೆಂಗಸರ ಹಾಡು ಕೂಡಿಹಾಕುತ್ತಿದ್ದಳು. ಬೇರೆ ಊರಿನ ಕಂಪ್ಯೂಟರುಗಳಲ್ಲಿದ್ದ ಹಾಡುಗಳೂ ಅದಕ್ಕೆ ಜೋಡಿಯಾಗಿದ್ದವು. ಅದನ್ನು ಪ್ರಶ್ನೆ ಬರೆದು ಕೇಳುವುದಲ್ಲ, ಚಿತ್ರ ಬಿಡಿಸಿ ಕೇಳುವುದು. ಪರದೆಯ ಮೇಲೆ ಹಾಡಿಗೊಂದು ದುಂಡು, ಅಂದರೆ ವೃತ್ತ, ಹಾಡಿದವಳಿಗೊಂದು, ಊರಿಗೊಂದು, ನಡುವೆ ಗೆರೆ. ಗೊತ್ತಿದ್ದನ್ನು ತುಂಬಬೇಕು, ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕು. ಖಾಲಿ ಬಿಟ್ಟಲ್ಲಿ ಯಂತ್ರವೇ ಉತ್ತರ ತಂದಿಡುತ್ತದೆ.

ಶ್ರಾವಣ ಹತ್ತಿರವಿತ್ತು. ವೈನಿಯನ್ನು ಕಾಲೇಜಿಗೆ ಕರೆದೊಯ್ದೆ. ನೀಲಿ ಬೆಳಕಿನಲ್ಲಿ ದುಂಡುಗಳು ನೀರ ಮೇಲಿನ ಎಲೆಗಳಂತೆ ತೇಲುತ್ತಿದ್ದವು. ವಿಶಾಖಾ ಒಂದರಲ್ಲಿ ಜೋಗುಳದ ಸಾಲು ಬರೆದಳು. ಉಳಿದೆರಡು ಖಾಲಿ ಇದ್ದದ್ದು ಕಂಡು ವೈನಿ ಕೈ ಅಡ್ಡ ಹಿಡಿದರು.

"ಹಂಗ ಬಿಡಬ್ಯಾಡವ್ವ. ರಂಗೋಲ್ಯಾಗ ನಡು ಚುಕ್ಕಿ ಇಲ್ಲದ ದುಂಡು ಬಿಟ್ರ ಮನಿ ಬರಿದಾಗ್ತದ. ಊರಿನ ದುಂಡಿನಾಗ ಹುಮನಾಬಾದ ಬರಿ."

ಬರೆದಳು. ಏನೂ ಬರಲಿಲ್ಲ. ಹಾಡಿದವಳ ದುಂಡಿಗೆ ತಾಯಿಯ ಹೆಸರು ಹಾಕಿಸಿದರು. ಆಗಲೂ ಇಲ್ಲ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ನಡಿ ದೇವಿದಾಸ. ಇಲ್ಲದ ಊರು ಹ್ಯಾಂಗ ಸಿಗ್ತದ?"

ನಾನು ಒದರಿದೆ: "ಕೂಡ್ರಿ ವೈನಿ! ಎಲ್ಲಾ ನೀವೇ ಹೇಳ್ಕೋತ ಕುಂತ್ರ ಅದೇನ್ ಹೇಳಬೇಕು?"

"ಅಪ್ಪಾ, ಇದು ಕಾಲೇಜ್ ಅದ, ನಿನ್ನ ಗ್ಯಾರೇಜ್ ಅಲ್ಲ" ಎಂದಳು ಮಗಳು. ಆಮೇಲೆ ಮೆಲ್ಲಗೆ, "ದೊಡ್ಡವ್ವ, ಒಂದ್ಸಲ ಖಾಲಿ ಬಿಡೂಣು. ಉತ್ತರ ಬಂದ ಮ್ಯಾಲ ನಿಮ್ಮ ಕೈಲೇ ಚುಕ್ಕಿ ಇಡ್ರಿ."

ವೈನಿ ಕಣ್ಣು ಮುಚ್ಚಿ ತಲೆಯಾಡಿಸಿದರು. ವಿಶಾಖಾ ಎರಡೂ ದುಂಡು ಖಾಲಿ ಮಾಡಿದಳು. ವೈನಿ ಕಣ್ಣು ತೆರೆದಾಗ ಹಾಡಿದವಳ ದುಂಡಿನಲ್ಲಿ ಕೇಶರಬಾಯಿ, ಊರಿನದರಲ್ಲಿ ನಿರ್ಣಾ. ಹಣೆಯ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡು ಗಾಜಿನ ಮೇಲೆ ಚುಕ್ಕಿ ಇಟ್ಟೇಬಿಟ್ಟರು.

ಪಂಚಮಿಗೆ ನಿರ್ಣಾಕ್ಕೆ ಹೋದೆವು. ಮುದುಕಿ ಕೇಶರಬಾಯಿ ಹೊಸ್ತಿಲ ಮೇಲೆ ಕೂತಿದ್ದಳು. ವೈನಿ ತಮ್ಮ ಸಾಲನ್ನು ಹಾಡಿದರು. ಮುದುಕಿ ಮುಂದಿನದನ್ನು ಎತ್ತಿಕೊಂಡಳು: "ತೂಗ ಬಂದವ್ವ ತುಸು ತಡೆದು ಹೋಗ." ವೈನಿ ಅದನ್ನು ಜನ್ಮದಲ್ಲಿ ಕೇಳಿರಲಿಲ್ಲ.

"ನಮ್ಮವ್ವ ಕಟ್ಟಿದ್ದು ಇದು. ಊರ ಹೊರಗ ಒಯ್ದಾಕಿ, ಮನಿ ಮಾತು ಮೀರಿ ಹೋದ ನಮ್ಮಕ್ಕ ಒಬ್ಬಾಕೇ" ಎಂದು ಮುದುಕಿ ವೈನಿಯ ಗದ್ದ ಹಿಡಿದೆತ್ತಿದಳು. "ಅಕಿ ಮೂಗೇ! ಇಷ್ಟು ತಡಾ ಮಾಡೂದಾ, ಖೋಡಿ?" ಎಂದು ಪ್ರೀತಿಯಿಂದ ಬೈದಳು.

ಅಂಗಳದ ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿತ್ತು. ಐವತ್ತರ ಹತ್ತಿರದ ವೈನಿ ಏರಿ ಕೂತರು. "ಹಗ್ಗ ಹಳೇದದ, ಇಳೀರಿ!" ಎಂದು ಒದರಿದೆ. ಅವರಿಗೆ ಕೇಳಿಸಲಿಲ್ಲ. ಬರುತ್ತಿದ್ದರು, ಹೋಗುತ್ತಿದ್ದರು. ತಾಯಿಯ ಊರ ಗಾಳಿ ಸೆರಗಿನ ತುಂಬ ಇತ್ತು.