ನೆಗೆಣ್ಣಿಯ ಗುಳಿಗೆ

ಶಶಿಕಾಂತ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದ ದಿನವೇ, ಅವನ ಹೆಂಡತಿ, ಹಿರಿಸೊಸೆ ನಿರ್ಮಲಾಗೆ ಹೆಂಗಸರ ಬ್ಯಾನಿಯ ಔಷಧ ನಡೆದಿದೆ ಎಂದು ನರಗುಂದದ ಆ ಮನೆಯವರಿಗೆಲ್ಲ ತಿಳಿಯಿತು. ಗುಳಿಗೆ ಮುಗಿಯುವ ತನಕ ಗಂಡ ದೂರ ಮಲಗಲಿ ಎಂದು ಗದಗಿನ ಡಾಕ್ಟರಮ್ಮ ಹೇಳಿದ್ದರಂತೆ.

ಅವಳ ನೆಗೆಣ್ಣಿ, ಕಿರಿಸೊಸೆ ಅನ್ನಪೂರ್ಣಾಳ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಅವಳಿಗೂ ಅದೇ ತುರಿಕೆ, ಅದೇ ಬಿಳಿ ಹೋಗುವುದು, ಕೂಸು ಚಿನ್ನು ಹುಟ್ಟಿದಾಗಿನಿಂದ. ಹುಬ್ಬಳ್ಳಿಯಲ್ಲಿ ಕಾಲೇಜು ಕಲಿತವಳು. ಫೋನಿನಲ್ಲಿ ಓದಿ ಓದಿ ಇಲ್ಲದ ರೋಗಕ್ಕೆಲ್ಲ ಹೆದರುವವಳು. ಗಂಡ ಅನಿಲಕುಮಾರನಿಗೆ ಮಾತ್ರ ಹೇಳಲಾರಳು. ಆ ಮನೆಯಲ್ಲಿ ಇಂಥ ಮಾತು ಅತ್ತೆಯ ಕಿವಿಗೆ ಬಿದ್ದು, ಆಮೇಲೆ ಗಂಡನಿಗೆ ಮುಟ್ಟಬೇಕು. ಅತ್ತೆ ರೇಣುಕವ್ವನ ಮುಖ ಕಂಡರೆ ಇವಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಳು. ನಿರ್ಮಲಾಗಾದರೆ ಗಂಡನ ಬೈಕು, ದವಾಖಾನೆ, ಮಧ್ಯಾಹ್ನದ ನಿದ್ದೆ. ಅನ್ನಪೂರ್ಣಾ ತನ್ನ ಸಿಟ್ಟನ್ನೆಲ್ಲ ರೊಟ್ಟಿಯ ಮೇಲೆ ಬಡಿದು ತೀರಿಸಿದಳು.

ಒಂದು ಮುಂಜಾನೆ ನಿರ್ಮಲಾ ಜಳಕಕ್ಕೆ ಹೋದದ್ದೇ ತಡ, ಅನ್ನಪೂರ್ಣಾ ಅವಳ ಡಬ್ಬಿಯಿಂದ ಒಂದು ಗುಳಿಗೆ ಕದ್ದಳು. ಅಡುಗೆಮನೆಯಲ್ಲಿ ತಂಬಿಗೆ ಹಿಡಿದು ಇನ್ನೇನು ಬಾಯಿಗೆ ಹಾಕಬೇಕು, ಒದ್ದೆಗೂದಲಿನ ನಿರ್ಮಲಾ ಬಂದು ಕೈ ಹಿಡಿದಳು.

“ಅದು ನುಂಗೂದಲ್ಲವ್ವಾ, ಕೆಳಗ ಒಳಗಿಡೂದು. ಬೋರಿಕ್ ಆಸಿಡ್ ಐತಿ, ಹೊಟ್ಟಿಗೆ ಹೋದ್ರ ವಿಷ. ಕೂಸಿನ ಕೈಗೆ ಸಿಗಬಾರದಂತ ಮ್ಯಾಲಿಟ್ಟಿದ್ದೆ, ತಾಯಿ ಕೈಗೇ ಸಿಕ್ತು.”

ಅನ್ನಪೂರ್ಣಾಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು. “ನಿಮಗೇನ್ರಿ ಅಕ್ಕಾ, ನಿಮ್ಮವರು ಕೈ ಹಿಡದು ಕರಕೊಂಡ ಹೋಗ್ತಾರ. ನನಗೂ ಅದ ಆಗೇತಿ, ಯಾರ ಕೇಳ್ಯಾರ?”

“ಯಾರು ಕರಕೊಂಡ ಹೋದ್ರು? ನಾಚಿಕಿ ಬಿಟ್ಟು ಅತ್ತಿ ಮುಂದನ ಇವರಿಗೆ ಹೇಳಿದೆ, ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಗದಗ ಬಸ್ಸಿಗೆ ಒಬ್ಬಾಕಿನ ಹೊಂಟೆ. ಆಗ ಬೈಕ್ ತಗೊಂಡು ಬೆನ್ನಹತ್ತಿ ಬಂದ್ರು.”

ನಿರ್ಮಲಾ ಗುಳಿಗೆ ಕಸಿದುಕೊಂಡು, ಪರೀಕ್ಷೆ ಮಾಡಿಸದೆ ಇದು ಎಲ್ಲರಿಗೂ ನಡೆಯುವುದಿಲ್ಲ, ಬಸುರಿಗಂತೂ ಕೂಡದು, ಹಾಲುಣಿಸುವವಳು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು ಎಂದಳು.

ಗುಳಿಗೆಯ ಆಸೆ ಅಲ್ಲಿಗೆ ಹೋಯಿತು. ಆದರೆ ಒಬ್ಬಳೇ ಬಸ್ಸಿಗೆ ಹೊರಟ ಆ ಗಟ್ಟಿತನ ನೆನೆದು ಅನ್ನಪೂರ್ಣಾಳ ಹೊಟ್ಟೆ ಮತ್ತಷ್ಟು ಉರಿಯಿತು. ತನಗೇನು ಬಾಯಿಲ್ಲವೇ?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ, ಗಂಡನ ತಾಟಿಗೆ ಪಲ್ಯ ಹಾಕುತ್ತ, ಅತ್ತೆಗೂ ಕೇಳುವಂತೆ ಹೇಳಿಯೇಬಿಟ್ಟಳು. “ನಾಳೆ ನನ್ನ ಗದಗಿಗೆ ಕರಕೊಂಡ ಹೋಗ್ರಿ. ಬಿಳಿ ಹೋಗತೈತಿ, ತುರಿಕಿ ಭಾಳ ಆಗೇತಿ.”

ಅನಿಲಕುಮಾರ ತಲೆ ಎತ್ತಲಿಲ್ಲ. ರೇಣುಕವ್ವ ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟು ಮಗನನ್ನೇ ದಿಟ್ಟಿಸಿದಳು.

“ಬಾಯಾಗ ಕಡಬು ಇಟ್ಕೊಂಡಿಯೇನ? ಹೂಂ ಅನ್ನು.”

ಅವನು ಹೂಂ ಅಂದ. ಬಾಗಿಲಲ್ಲಿ ನಿಂತಿದ್ದ ನಿರ್ಮಲಾಳ ಮುಖ ಸಣ್ಣದಾಯಿತು. ತಾನು ಗಂಡನಿಗೆ ಹೀಗೇ ಹೇಳಿದ ದಿನ ಅತ್ತೆ ತನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ.